ಸಾಹೇಬರಿಗೆ ಸೆಕೆ

“ಸದ್ದು ಮಾಡ್ಬೇಡ. ಈಗ ನಾನು ಕರೀತೀನಿ, ಅದು ಬರುತ್ತೆ,” ಎಂದಳು ಡಾಕ್ಟರಮ್ಮ.

ಗೆಳತಿ ತನ್ನ ಅಮ್ಮನ ಮೊಬೈಲ್ ಹಿಡಿದು ವಿಡಿಯೊ ಆನ್ ಮಾಡಿ ನಿಂತಿದ್ದಳು. ಸದ್ದು ಇರಲಿ, ಅವಳು ಉಸಿರನ್ನೂ ಬಿಗಿಹಿಡಿದಿದ್ದಳು.

ಡಾಕ್ಟರಮ್ಮನಿಗೆ ಹತ್ತು ವರ್ಷ. ಯಾರಿಗೆ ಕೆಮ್ಮು ಬಂದರೂ, ಕುಂಡದ ಗಿಡ ಬಾಡಿದರೂ, ಕೊನೆಗೆ ಮಿಕ್ಸಿ ಕೆಟ್ಟರೂ ಕೇಳದೆಯೇ ಸಲಹೆ ಕೊಡುತ್ತಿದ್ದಳು. ಅದಕ್ಕೇ ಮನೆಯವರು ಈ ಹೆಸರಿಟ್ಟಿದ್ದರು. ಅದರಲ್ಲಿ ಅರ್ಧ ತಮಾಷೆ ಎಂದು ಅವಳಿಗೂ ಗೊತ್ತು. ಉಳಿದರ್ಧವನ್ನು ಮಾತ್ರ ಅವಳು ನಂಬಿಬಿಟ್ಟಿದ್ದಳು.

ಗಾಜಿನ ತೊಟ್ಟಿಯಲ್ಲಿದ್ದದ್ದು ಒಂದು ಆಕ್ಸಲಾಟಲ್. ಅದು ಮೀನೂ ಅಲ್ಲ, ಹಲ್ಲಿಯೂ ಅಲ್ಲ; ಜೀವನವಿಡೀ ನೀರಿನಲ್ಲೇ ಇರುವ, ಕಪ್ಪೆಯ ದೂರದ ನೆಂಟ. ಬಿಳಿ ಮೈ, ಪುಟಾಣಿ ಕಾಲು, ತಲೆಯ ಎರಡೂ ಪಕ್ಕ ಗುಲಾಬಿ ಪುಕ್ಕದಂಥ ಕಿವಿರು, ಸದಾ ನಗುವ ಬಾಯಿ. “ದಿನವಿಡೀ ಏನೂ ಮಾಡದೆ ನಗ್ತಾ ಕೂತಿರುತ್ತೆ, ಥೇಟ್ ನಮ್ಮಾಫೀಸಿನ ಸಾಹೇಬ್ರೇ,” ಎಂದು ಅಪ್ಪ ಅಂದದ್ದೇ ತಡ, ಸಾಹೇಬರು ಅನ್ನುವ ಹೆಸರು ಅಂಟಿಕೊಂಡಿತು.

ಅದನ್ನು ತಂದುಕೊಟ್ಟವಳು ಚಿಕ್ಕಮ್ಮ. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ಅವಳು ಬೆರಳು ಮಡಚುತ್ತ ಹೇಳಿದ್ದಳು: ತಳಕ್ಕೆ ಚಿಕ್ಕ ಕಲ್ಲು ಹಾಕಬಾರದು, ನುಂಗಿಬಿಡುತ್ತೆ. ಕ್ಲೋರಿನ್ ತೆಗೆಯದೆ ನಲ್ಲಿ ನೀರು ಸುರಿಯಬಾರದು. ಬಿಸಿಲು ತಾಗಬಾರದು. ನೀರು ಹದಿನೆಂಟು ಡಿಗ್ರಿ ಆಸುಪಾಸು ಇರಬೇಕು. “ಇಪ್ಪತ್ತು ದಾಟಿದ್ರೆ ನನಗೆ ಹೇಳು. ನಿನ್ನ ಕೈಲಾಗಲ್ಲ ಅಂದ್ರೆ ನಾನು ವಾಪಸ್ ತಗೊಂಡು ಹೋಗ್ತೀನಿ.”

ಡಾಕ್ಟರಮ್ಮ ಎಲ್ಲದಕ್ಕೂ ತಲೆಯಾಡಿಸಿದಳು. ಆಮೇಲೆ ತೊಟ್ಟಿಯನ್ನು ಸೀದಾ ತನ್ನ ರೂಮಿನಲ್ಲಿ, ಕಿಟಕಿ ಮತ್ತು ಮಂಚದ ನಡುವೆ ಇಡಿಸಿದಳು. ಪರದೆ ಎಳೆದರೆ ಬಿಸಿಲು ಎಲ್ಲಿಂದ ಬರುತ್ತೆ? ತಂಪಿಗೆ ಬಾಟಲಿಯೊಂದರಲ್ಲಿ ನೀರು ತುಂಬಿ, ಫ್ರೀಜರಿನಲ್ಲಿ ಗಟ್ಟಿಮಾಡಿ, ಮುಚ್ಚಳ ಬಿಗಿದು ಮಂಚದ ಕಡೆಯ ಮೂಲೆಯಲ್ಲಿ ಬಿಡುತ್ತಿದ್ದಳು. ಥರ್ಮಾಮೀಟರನ್ನೂ ಅದರ ಪಕ್ಕದಲ್ಲೇ ಅಂಟಿಸಿದ್ದಳು. ಮಲಗಿದಲ್ಲಿಂದಲೇ ಓದಬಹುದಲ್ಲ. ನೋಡಿದಾಗಲೆಲ್ಲ ಹದಿನೇಳು, ಹದಿನೆಂಟು. ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವುದೊಂದು ಬಾಕಿ.

ಅಷ್ಟೇ ಅಲ್ಲ, ಅವಳು ಮಂಚದ ತುದಿಯಲ್ಲಿ ಕೂತು “ಸಾಹೇಬ್ರೇ” ಅಂದರೆ ಸಾಕು, ಅವರು ಅವಳ ಕಡೆಯ ಮೂಲೆಗೇ ಬಂದು ನಿಲ್ಲುತ್ತಿದ್ದರು. ಎರಡು ದಿನದಿಂದ ಎರೆಹುಳು ಮುಟ್ಟಿರಲಿಲ್ಲ, ನಿಜ. “ನನ್ನ ನೋಡಿದ್ರೆ ಸಾಕು, ಅದಕ್ಕೆ ಹೊಟ್ಟೆ ತುಂಬುತ್ತೆ,” ಎಂದು ಡಾಕ್ಟರಮ್ಮ ಕ್ಲಾಸಿನಲ್ಲೆಲ್ಲ ಹೇಳಿಕೊಂಡು ಬಂದಿದ್ದಳು.

“ಒಂದ್ನಿಮಿಷ ಕಣೆ,” ಎಂದಳು ಗೆಳತಿ. “ಆ ಬಾಟ್ಲಿ ಅಡ್ಡ ಬರ್ತಿದೆ. ವಿಡಿಯೊ ಚೆನ್ನಾಗಿ ಬರಲ್ಲ.”

ಡಾಕ್ಟರಮ್ಮ ತೋಳೇರಿಸಿ ಬಾಟಲಿಯನ್ನು ಆಚೆ ತುದಿಗೆ ಇಟ್ಟಳು. ಕೈ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು ಕೂತಳು. “ಸಾಹೇಬ್ರೇ, ಬನ್ನಿ.”

ಸಾಹೇಬರು ಅವಳನ್ನು ನೋಡಿದರು. ಆಮೇಲೆ ನಿಧಾನಕ್ಕೆ ತಿರುಗಿ, ಅವಳಿಗೆ ಬಾಲ ತೋರಿಸಿ, ಆಚೆ ತುದಿಗೆ ನಡೆದುಹೋಗಿ ಬಾಟಲಿಗೆ ಒರಗಿದರು.

“ನಿನ್ನ ಪರಿಚಯ ಇಲ್ವಂತೆ,” ಎಂದಳು ಗೆಳತಿ.

“ಇವತ್ತು ಮೂಡ್ ಸರಿಯಿಲ್ಲ.” ಡಾಕ್ಟರಮ್ಮ ಬಾಟಲಿಯನ್ನು ಈಚೆಗೆ ತಂದಳು. ಸಾಹೇಬರೂ ಈಚೆಗೆ ಬಂದರು. ಆಚೆಗಿಟ್ಟಳು. ಆಚೆಗೆ ಹೋದರು.

“ಅದು ಬಾಟ್ಲಿ ಹಿಂದೆ ಬಿದ್ದಿದೆ ಕಣೆ, ನಿನ್ನ ಹಿಂದೆ ಅಲ್ಲ.” ಗೆಳತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ವಿಡಿಯೊ ಇನ್ನೂ ಆನ್ ಆಗಿಯೇ ಇತ್ತು.

ಡಾಕ್ಟರಮ್ಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಒಂದು ಪ್ಲಾಸ್ಟಿಕ್ ಬಾಟಲಿಯ ಮೇಲಿದ್ದ ಪ್ರೀತಿಯನ್ನು ತನ್ನದೆಂದು ಇಷ್ಟು ದಿನ ಡಂಗುರ ಸಾರಿದ್ದಳಲ್ಲ. ಅವಳಿಗೂ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಕಣ್ಣು ಥರ್ಮಾಮೀಟರಿನ ಮೇಲೆ ಬಿತ್ತು.

ಅದು ಇದ್ದ ಜಾಗದಲ್ಲೇ ಇತ್ತು, ಆದರೆ ಈಗ ಪಕ್ಕದಲ್ಲಿ ಐಸ್ ಇರಲಿಲ್ಲ. ಕೆಂಪು ಗೆರೆ ಮೆಲ್ಲಗೆ ಏರುತ್ತ ಇಪ್ಪತ್ತೈದರ ಹತ್ತಿರ ಹೋಗಿ ನಿಂತಿತು.

ಅಂದರೆ ಇಷ್ಟು ದಿನ ಅವಳು ಓದುತ್ತಿದ್ದದ್ದು ಬಾಟಲಿಯ ತಂಪು. ತೊಟ್ಟಿ ಬೆಚ್ಚಗಿತ್ತು. ಸಾಹೇಬರ ಕಿವಿರು ಮುಂದಕ್ಕೆ ಬಾಗಿತ್ತು, ನಿನ್ನೆಯೂ ಬಾಗಿತ್ತು. ಅದನ್ನು ಅವಳು ಸ್ಟೈಲ್ ಅಂದುಕೊಂಡಿದ್ದಳು.

“ಏನಾಯ್ತೇ? ಸತ್ತುಹೋಗುತ್ತಾ?” ಗೆಳತಿಯ ನಗು ನಿಂತುಹೋಯಿತು.

ಚಿಕ್ಕಮ್ಮನಿಗೆ ಹೇಳಿದರೆ ಸಾಹೇಬರನ್ನು ತಗೊಂಡು ಹೋಗುತ್ತಾಳೆ. ಹೇಳದಿದ್ದರೆ? ಡಾಕ್ಟರಮ್ಮ ತನ್ನ ಅಮ್ಮನ ಫೋನ್ ತಂದು ನಂಬರ್ ಒತ್ತಿದಳು.

“ಚಿಕ್ಕಮ್ಮಾ, ನೀರು ಇಪ್ಪತ್ತೈದಿದೆ.”

“ನಿನ್ನೆ ಹದಿನೇಳು ಅಂದ್ಯಲ್ಲೇ?”

“ಅದು ಬಾಟ್ಲಿದು.” ಅವಳು ಎಲ್ಲವನ್ನೂ ಹೇಳಿದಳು, ಕಿಟಕಿಯ ವಿಷಯವನ್ನೂ. “ತಗೊಂಡು ಹೋಗೋದಾದ್ರೆ ಹೋಗು. ಆದ್ರೆ ಈಗ ಏನ್ ಮಾಡ್ಲಿ ಅಂತ ಹೇಳು.”

“ಗಾಬರಿ ಬಿದ್ದು ಐಸ್ ಸುರೀಬೇಡ. ಒಂದೇ ಸಲ ತಣ್ಣಗಾದ್ರೂ ಅದಕ್ಕೆ ಕಷ್ಟ. ಮನೇಲಿ ಎಲ್ಲಕ್ಕಿಂತ ತಂಪಾಗಿರೋ ಜಾಗಕ್ಕೆ ತೊಟ್ಟಿ ಸಾಗ್ಸಿ. ನಾಡಿದ್ದು ಬರ್ತೀನಿ, ಆಮೇಲೆ ನೋಡೋಣ.”

ತಂಪು ಜಾಗ ಹುಡುಕಬೇಕಾಗಿರಲಿಲ್ಲ. ಅಜ್ಜಿಯ ರೂಮು ಮನೆಯ ಹಿಂಬದಿಯಲ್ಲಿತ್ತು. ಕಲ್ಲಿನ ನೆಲ, ಬಿಸಿಲೇ ಬೀಳದ ಗೋಡೆ. ಡಾಕ್ಟರಮ್ಮನಿಗೆ ಇದು ಮೊದಲ ದಿನವೇ ಗೊತ್ತಿತ್ತು. ಅಲ್ಲಿಟ್ಟರೆ ಸಾಹೇಬರು ಎಲ್ಲಿ ಅಜ್ಜಿಯವರಾಗಿಬಿಡುತ್ತಾರೋ ಎಂಬ ಹೊಟ್ಟೆಕಿಚ್ಚಿಗೆ ಸುಮ್ಮನಿದ್ದಳು.

“ಹಲ್ಲೀನ ತಂದು ನನ್ನ ತಲೆದೆಸೇಲಿ ಇಡ್ತೀಯೇನೇ?” ಎಂದರು ಅಜ್ಜಿ.

“ಹಲ್ಲಿ ಅಲ್ಲ ಅಜ್ಜಿ, ಕಪ್ಪೆ ನೆಂಟ.”

“ಸರಿಹೋಯ್ತು, ಇನ್ನೂ ಚೆಂದ.” ಅಜ್ಜಿ ಸಾಹೇಬರನ್ನು ದಿಟ್ಟಿಸಿದರು. “ಪಾಪ, ಎಷ್ಟು ಸೋತಿದೆ. ಆ ಮೇಜು ಖಾಲಿ ಮಾಡು.”

ಅಪ್ಪ, ಅಮ್ಮ ಸೇರಿ ತೊಟ್ಟಿಯ ನೀರನ್ನು ಬಕೆಟ್‌ಗಳಿಗೆ ತುಂಬಿ ಸಾಗಿಸಿದರು. ಸಾಹೇಬರು ಒಂದು ಅಗಲ ಡಬ್ಬದಲ್ಲಿ, ತಮ್ಮದೇ ನೀರಿನಲ್ಲಿ ಕೂತು ಹೋದರು. ಡಾಕ್ಟರಮ್ಮ ನೀರಿನ ಮೇಲೆ ಗಾಳಿ ಆಡುವಂತೆ ಚಿಕ್ಕ ಫ್ಯಾನ್ ಇಟ್ಟಳು. ಥರ್ಮಾಮೀಟರನ್ನು ಬಾಟಲಿಯಿಂದ ದೂರ ಅಂಟಿಸಿದಳು. ಸಲಹೆ ಕೊಡುವುದು ಮಾತ್ರ ಮರೆತೇಹೋಗಿತ್ತು. ಗೆರೆ ನಿಧಾನವಾಗಿ ಇಳಿಯಿತು. ಅಜ್ಜಿ ಸ್ವೆಟರ್ ಹಾಕಿಕೊಂಡರು.

ಮೂರನೆಯ ದಿನ ಬೆಳಿಗ್ಗೆ ಸಾಹೇಬರು ಎರೆಹುಳುವನ್ನು ಗಬಕ್ಕನೆ ನುಂಗಿದರು. ಅದೇ ಸಂಜೆ ಚಿಕ್ಕಮ್ಮ ಬಂದಳು. ಚೀಲದಲ್ಲಿ ಖಾಲಿ ಡಬ್ಬವಿತ್ತು. ಡಾಕ್ಟರಮ್ಮ ಡಬ್ಬವನ್ನು ಕಂಡೂ ಥರ್ಮಾಮೀಟರ್ ಬಿಡಿಸಿ ಅವಳ ಕೈಗಿತ್ತಳು.

ಚಿಕ್ಕಮ್ಮ ತೊಟ್ಟಿಯ ಈ ತುದಿ, ಆ ತುದಿ, ನಡುವೆ, ಎಲ್ಲ ಕಡೆಯೂ ಥರ್ಮಾಮೀಟರ್ ಇಟ್ಟು ನೋಡಿದಳು. ಎಲ್ಲ ಕಡೆಯೂ ಹದಿನೆಂಟೇ. ಅವಳು ಚೀಲವನ್ನು ಗೋಡೆಗೆ ಒರಗಿಸಿಟ್ಟು ಅಜ್ಜಿಯ ಮಂಚದ ಮೇಲೆ ಕೂತಳು.

“ಕರೆದ್ರೆ ಬರುತ್ತಂತಲ್ಲ? ಕರಿ, ನೋಡೋಣ.”

“ಸಾಹೇಬ್ರೇ,” ಎಂದಳು ಡಾಕ್ಟರಮ್ಮ.

ಸಾಹೇಬರು ತೊಟ್ಟಿಯ ನಟ್ಟನಡುವೆ ಕಾಲು ಚಾಚಿಕೊಂಡು ತಮ್ಮ ಪಾಡಿಗೆ ತಾವಿದ್ದರು. ಬಾಟಲಿಯ ಹತ್ತಿರ ಹೋಗಲಿಲ್ಲ. ಅವಳ ಹತ್ತಿರವೂ ಬರಲಿಲ್ಲ.

“ಬರಲ್ಲ,” ಎಂದಳು ಡಾಕ್ಟರಮ್ಮ. ಅವಳ ಮುಖದ ತುಂಬ ನಗುವಿತ್ತು.