ಪಕ್ಕದ ಸೀಟಿನ ಬ್ರೇಕ್

"ಯಾವ ಮುಖ ಇಟ್ಕೊಂಡು ಇಲ್ಲಿಗೆ ಬಂದ್ರಿ?"

ಅವಳು ಕೂಗಿದ ರಭಸಕ್ಕೆ ಗೇಟಿನ ಮೇಲಿದ್ದ ಕಾಗೆ ಹಾರಿಹೋಯಿತು. ಅವನು ಮಾತ್ರ ನಿಂತಲ್ಲೇ ನಿಂತಿದ್ದ.

ಪೊಲೀಸರು ಹಿಡಿದ ಗಾಡಿಗಳನ್ನೆಲ್ಲ ತಂದು ನಿಲ್ಲಿಸುವ ಬಯಲು ಅದು. ತಂತಿ ಬೇಲಿಯೊಳಗೆ ಧೂಳು ಹೊದ್ದ ಕಾರುಗಳು, ಒಂದರ ಮೇಲೊಂದು ಒರಗಿದ ಬೈಕುಗಳು, ಗಾಳಿ ಇಳಿದ ಟಯರುಗಳು. ಅವುಗಳ ನಡುವೆ ಎಲ್ಲೋ ಅವಳ ಕಾರೂ ಇತ್ತು. ಎರಡು ವಾರದಿಂದ!

"ನಿಮ್ಮನ್ನೇ ಕೇಳ್ತಿರೋದು. ನನ್ನ ಗಾಡಿ ಪೊಲೀಸರ ಪಾಲಾಗಿದ್ದು ಸಾಲದಾ? ಈಗ ನೋಡಿ ಖುಷಿಪಡೋಕೆ ಬಂದ್ರಾ?"

"ಇಲ್ಲ ಮೇಡಂ… ಇಷ್ಟು ದಿನ ನಿಂತ ಗಾಡಿ, ಬ್ಯಾಟರಿ ಇಳಿದಿರುತ್ತೆ. ತಳ್ಳೋಕೆ ಒಬ್ಬರು ಬೇಕಾಗಬಹುದು ಅಂತ…"

"ತಳ್ಳೋಕೆ ನನ್ನ ತಮ್ಮ ಇದ್ದಾನೆ!"

ತಮ್ಮ ಅವಳ ಬೆನ್ನ ಹಿಂದೆ ನಿಂತು ನೆಲ ನೋಡುತ್ತಿದ್ದ. ಅವನು ಒಮ್ಮೆ ತಮ್ಮನ ಕಡೆ ನೋಡಿದ. ತಮ್ಮ ತಲೆ ಎತ್ತಲಿಲ್ಲ. ಅವನು ಗೇಟಿನಿಂದ ಪಕ್ಕಕ್ಕೆ ಸರಿದ.

ಆಗ ಅವಳ ಕಣ್ಣು ಅವನ ಕಾಲಿನ ಮೇಲೆ ಬಿತ್ತು. ಗರಿಗರಿ ಇಸ್ತ್ರಿ ಮಾಡಿದ ಶರ್ಟು, ಕೆಳಗೆ ಬಚ್ಚಲುಮನೆಯ ನೀಲಿ ರಬ್ಬರ್ ಚಪ್ಪಲಿ! ಕ್ಲಾಸಿಗೆ ದಿನಾ ಹಾಕಿಕೊಂಡು ಬರುತ್ತಿದ್ದ ಆ ದಪ್ಪ ಅಟ್ಟೆಯ ಚರ್ಮದ ಚಪ್ಪಲಿ ಎಲ್ಲಿ ಹೋಯ್ತು?

'ಎಲ್ಲಿಗಾದ್ರೂ ಹೋಗ್ಲಿ. ನನಗೇನು?' ಅಂದುಕೊಂಡಳು. ಆದರೆ ಮನಸ್ಸು ಯಾವತ್ತು ಹೇಳಿದ ಮಾತು ಕೇಳಿದೆ?

*

ಅಪ್ಪ ಅವಳಿಗೆ ಬಿಟ್ಟುಹೋದದ್ದು ಎರಡೇ: ಒಂದು ಡ್ರೈವಿಂಗ್ ಸ್ಕೂಲ್, ಒಬ್ಬ ತಮ್ಮ. ಎರಡನ್ನೂ ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಿದ್ದಳು.

ಸ್ಕೂಲ್ ಅಂದರೆ ಆ ಒಂದೇ ಕಾರು. ಕಲಿಸುವವರು ಕೂರುವ ಪಕ್ಕದ ಸೀಟಿನ ಕೆಳಗೂ ಅದರಲ್ಲೊಂದು ಬ್ರೇಕ್ ಇತ್ತು. ಕಲಿಯುವವರು ಎಡವಟ್ಟು ಮಾಡುವ ಮುಂಚೆಯೇ ಅವಳ ಕಾಲು ಅದನ್ನು ಒತ್ತಿಬಿಡುತ್ತಿತ್ತು. ಬಸ್ಸಿನಲ್ಲಿ ಕೂತರೂ ಕಾಲು ನೆಲ ಒತ್ತುತ್ತಿತ್ತು! ಅದಕ್ಕೇ ಎಲ್ಲರೂ ಅವಳನ್ನು 'ಬ್ರೇಕ್ ಮೇಡಂ' ಅನ್ನುತ್ತಿದ್ದರು.

ಅವನದು ಕನ್ನಡಕದ ಅಂಗಡಿ. ಅವಳ ಬಾಯಲ್ಲಿ 'ಕನ್ನಡಕದವರು'. ಡ್ರೈವಿಂಗ್ ಟೆಸ್ಟ್‌ನಲ್ಲಿ ಮೂರು ಸಲ ಫೇಲಾಗಿ, ನಾಲ್ಕನೆಯ ಸಲವೂ ನಗುನಗುತ್ತ ಕ್ಲಾಸಿಗೆ ಬಂದ ಮಹಾನುಭಾವ.

"ಊರವರ ಕಣ್ಣೆಲ್ಲ ಟೆಸ್ಟ್ ಮಾಡ್ತೀರಿ, ನಿಮಗೆ ರಸ್ತೆ ಕಾಣಲ್ವಾ? ಮುಂದೆ ನೋಡ್ರೀ! ಮೊದಲು ಆ ಚಪ್ಪಲಿ ಬದಲಾಯಿಸಿ. ಅಷ್ಟು ದಪ್ಪ ಅಟ್ಟೆ ಇಟ್ಕೊಂಡು ಕ್ಲಚ್ ಹೇಗೆ ಗೊತ್ತಾಗುತ್ತೆ?"

ಅವನು ಬೈಸಿಕೊಂಡು ನಗುತ್ತಿದ್ದ. ಅವಳೂ ಮುಖ ತಿರುಗಿಸಿ ನಗುತ್ತಿದ್ದಳು. ಅವನ ಕ್ಲಾಸ್ ಇರುವ ದಿನ ಕನ್ನಡಿ ಮುಂದೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತಿದ್ದಳು. ಕೇಳಿದ್ದರೆ ಒಪ್ಪುತ್ತಿರಲಿಲ್ಲ ಬಿಡಿ!

ಆಮೇಲೆ ಬಂತು ಆ ರಾತ್ರಿ. ಸ್ಟೇಷನ್ನಿನಿಂದ ಫೋನ್. ತಮ್ಮ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದಿದ್ದ. ಪಕ್ಕದ ಸೀಟಿನಲ್ಲಿ ಕನ್ನಡಕದವರು ಇದ್ದರಂತೆ!

ಅವಳು ಓಡಿಹೋದಾಗ ತಮ್ಮ ಬೆಂಚಿನ ಮೇಲೆ ನಡುಗುತ್ತ ಕೂತಿದ್ದ. "ಅವರೇ ಅಕ್ಕ… ಅವರೇ ಕರ್ಕೊಂಡು ಹೋಗಿ ಕುಡಿಸಿದ್ದು," ಅಂದ.

ಅವಳು ಪಕ್ಕದಲ್ಲೇ ನಿಂತಿದ್ದ ಕನ್ನಡಕದವರ ಕಡೆ ತಿರುಗಿದ್ದಳು. 'ಇಲ್ಲ ಅನ್ನಿ… ಒಂದೇ ಒಂದು ಸಲ ಇಲ್ಲ ಅನ್ನಿ' ಎಂದು ಅವಳ ಜೀವ ಬೇಡಿಕೊಂಡಿತ್ತು. ಅವನು ಬಾಯಿ ಬಿಡಲಿಲ್ಲ.

"ನಾಳೆಯಿಂದ ಕ್ಲಾಸಿಗೆ ಬರಬೇಡಿ," ಅಂದು ಬೆನ್ನು ತಿರುಗಿಸಿದ್ದಳು.

*

ಕಾವಲಿಗಿದ್ದ ವಯಸ್ಸಾದ ಹೆಡ್ ಕಾನ್‌ಸ್ಟೇಬಲ್ ಕೋರ್ಟಿನ ಕಾಗದ ನೋಡಿ, ಬೀಗದ ಕೈ ಹಿಡಿದುಕೊಂಡು ಮುಂದೆ ನಡೆದರು.

"ನೋಡಿ ಬೇಜಾರು ಮಾಡ್ಕೋಬೇಡಿ ಅಮ್ಮ. ಇಲ್ಲಿಗೆ ಬರೋ ಎಲ್ಲರಿಗೂ ತಮ್ಮ ಗಾಡಿ ನೋಡಿ ಅಳು ಬರುತ್ತೆ."

ಅವಳಿಗೂ ಬಂತು. ಮೂಲೆಯಲ್ಲಿ ಕಾರು ಅನಾಥವಾಗಿ ನಿಂತಿತ್ತು. ಮೇಲಿನ ಬೋರ್ಡಿನಲ್ಲಿ ಅಪ್ಪ ಕೈಯಾರೆ ಬರೆದ 'ಕಲಿಯುವವರು, ದಯವಿಟ್ಟು ದಾರಿ ಬಿಡಿ' ಅಕ್ಷರಗಳು ಧೂಳಿನಲ್ಲಿ ಮುಚ್ಚಿಹೋಗಿದ್ದವು. ದುಪಟ್ಟಾದಿಂದಲೇ ಒರೆಸಿದಳು. ಬಾಗಿಲು ತೆಗೆದು ಹತ್ತಿ ಕೂತಳು.

"ಅಮ್ಮ, ಸ್ಟೀರಿಂಗ್ ಆ ಕಡೆ ಇದೆ," ಕಾನ್‌ಸ್ಟೇಬಲ್ ನಕ್ಕರು.

ಅಭ್ಯಾಸಬಲ! ತನ್ನ ಗಾಡಿ ತಾನೇ ಓಡಿಸಿಕೊಂಡು ಹೋಗಬೇಕಾದವಳು ಪಕ್ಕದ ಸೀಟಿನಲ್ಲಿ ಕೂತಿದ್ದಳು. ನಾಚಿಕೊಂಡು ಇಳಿಯಬೇಕು, ಅಷ್ಟರಲ್ಲಿ ಕಾಲಿಗೆ ಏನೋ ತಗುಲಿತು.

ಬಗ್ಗಿ ನೋಡಿದಳು.

ದಪ್ಪ ಅಟ್ಟೆಯ ಚರ್ಮದ ಚಪ್ಪಲಿ. ಕಿತ್ತುಬಂದ ಪಟ್ಟಿ ಅವಳ ಬ್ರೇಕಿನ ಕಂಬಿಗೆ ಸುತ್ತಿಕೊಂಡಿತ್ತು.

ಪಟ್ಟಿ ಕಿತ್ತುಬರುವಷ್ಟು ಜೋರಾಗಿ ಆ ಬ್ರೇಕ್ ಒತ್ತಿದ್ದು ಯಾಕೆ? ಕುಡಿಸಿ ಮಜಾ ನೋಡುವವನು ಗಾಡಿ ನಿಲ್ಲಿಸುವುದಕ್ಕೆ ಯಾಕೆ ಒದ್ದಾಡುತ್ತಾನೆ?

"ಆ ರಾತ್ರಿ ಚೆಕಿಂಗ್‌ನಲ್ಲಿ ನಾನೂ ಇದ್ದೆ," ಕಾನ್‌ಸ್ಟೇಬಲ್ ಇಣುಕಿ ನೋಡಿ ಹೇಳಿದರು. "ಎಲ್ಲರೂ ನಮ್ಮನ್ನ ಕಂಡ್ರೆ ಗಾಡಿ ತಿರುಗಿಸಿ ಓಡ್ತಾರೆ. ಇದು ಮಾತ್ರ ನಮ್ಮ ಮುಂದೆಯೇ ಗಕ್ಕಂತ ನಿಲ್ತು. ಆ ಯಜಮಾನ್ರು ಕಿಟಕಿಯಿಂದ ಕೈ ಬೀಸಿ ಕರೆದ್ರು. ಬಾಯಿಂದ ಊದಿಸಿ ನೋಡಿದ್ರೆ ಅವರು ಕುಡಿದೇ ಇರಲಿಲ್ಲ!"

ಅವಳು ಚಪ್ಪಲಿ ಬಿಡಿಸಿ ಕೈಯಲ್ಲಿ ಹಿಡಿದು ಇಳಿದಳು.

"ಪುಟ್ಟ… ನನ್ನ ಮುಖ ನೋಡು."

ತಮ್ಮ ನೋಡಿದ. ಅಷ್ಟೇ, ಕಟ್ಟೆ ಒಡೆಯಿತು.

"ನನ್ನ ಕೆಲಸ ಹೋಯ್ತು ಅಕ್ಕ! ನಿನಗೆ ಹೇಗೆ ಹೇಳಲಿ ಅಂತ ಗೊತ್ತಾಗದೆ ಕುಡಿದೆ. ಅವರ ಅಂಗಡಿ ಎದುರಿಗೇ ಬಾರು. ಬಾಗಿಲು ಹಾಕ್ತಿದ್ದವರು ನನ್ನ ನೋಡಿ ಓಡಿ ಬಂದ್ರು. ಕೀ ಕೊಡು ಅಂತ ಕೈ ಮುಗಿದ್ರು. ನಾನು ತಳ್ಳಿಬಿಟ್ಟೆ… ಗಾಡಿ ಹೊರಟಾಗ ಹಾರಿ ಪಕ್ಕಕ್ಕೆ ಕೂತ್ರು."

"ಮತ್ತೆ ಯಾಕೋ ಸುಳ್ಳು ಹೇಳಿದೆ?"

"ಅಪ್ಪನ ಗಾಡಿ ಅಕ್ಕ… ನೀನು ನನ್ನ ಮುಖ ನೋಡಲ್ಲ ಅಂತ ಹೆದರಿಕೆ ಆಯ್ತು."

ಕೆನ್ನೆಗೆ ಬಾರಿಸಲು ಎತ್ತಿದ ಕೈ ಅದು ಹೇಗೋ ಹೋಗಿ ಅವನ ತಲೆ ಮೇಲೆ ಕೂತಿತು. ಕೆಲಸ ಹೋದ ಸಂಗತಿ ಹೇಳಲೂ ತಮ್ಮ ಹೆದರುವ ಹಾಗೆ ನಾನು ಯಾವಾಗ ಆದೆ?

"ಕೆಲಸ ಹೋದ್ರೆ ಇನ್ನೊಂದು ಸಿಗುತ್ತೆ ಕಣೋ. ನೀನು ಹೋಗಿದ್ರೆ ನಾನು ಎಲ್ಲಿಂದ ತರಲಿ?"

ತಮ್ಮ ಮಗುವಿನ ಹಾಗೆ ಬಿಕ್ಕಿದ. ಅವಳು ಕಣ್ಣು ಒರೆಸಿಕೊಂಡು ಗೇಟಿನ ಕಡೆ ಹೆಜ್ಜೆ ಹಾಕಿದಳು. ಅವರು ಹೊರಟುಹೋಗಿದ್ದರೆ? ಹೆಜ್ಜೆ ಓಟವಾಯಿತು.

*

ಅವನು ಬೇಲಿಯ ಪಕ್ಕ ಅದೇ ಜಾಗದಲ್ಲಿ ನಿಂತಿದ್ದ. ಅವಳ ಕೈಯಲ್ಲಿದ್ದ ಚಪ್ಪಲಿ ನೋಡಿ ಮುಖ ಕೆಂಪಾಯಿತು.

"ಸಿಕ್ತಾ ಮೇಡಂ? ಇನ್ನೊಂದು ಕಾಲಿನದು ಮನೆಯಲ್ಲೇ ಇದೆ."

"ಬಾಯಿ ಇರಲಿಲ್ವಾ ನಿಮಗೆ? ಅವತ್ತು ಒಂದು ಮಾತು ಹೇಳೋಕೆ ಏನಾಗಿತ್ತು?"

"ಅವನು ನಡುಗ್ತಿದ್ದ. ನಿಮಗೆ ಅಂತ ಇರೋದು ಅವನೊಬ್ಬ. ನನ್ನ ಮೇಲಿನ ಕೋಪ ಆದ್ರೆ ನೀವು ತಡ್ಕೊತೀರಿ, ಅವನ ಮೇಲಿನದಾದ್ರೆ ಕುಸಿದುಹೋಗ್ತೀರಿ ಅನ್ನಿಸ್ತು. ಅವನೇ ಹೇಳ್ತಾನೆ ಅಂತ ಕಾದೆ."

"ತಡ್ಕೊತೀನಿ ಅಂತ ನಿಮಗೆ ಯಾರು ಹೇಳಿದ್ರು?" ಅವಳ ದನಿ ಒಡೆಯಿತು. "ಎರಡು ವಾರ ಕಣ್ಣು ಮುಚ್ಚಿಲ್ಲ ನಾನು! ಗಾಡಿ ಹೋಯ್ತು ಅಂತಲ್ಲ… ನೀವು ಅಂಥವರು ಅಂತ ನಂಬೋಕಾಗದೆ!"

ಅವನು ಬೇಲಿಯ ತಂತಿ ಹಿಡಿದುಕೊಂಡ.

"ಎದುರಿಗೆ ಪೊಲೀಸರೇ ಬೇಕಿತ್ತಾ ನಿಲ್ಲಿಸೋಕೆ?" ಅವಳು ಮೂಗು ಒರೆಸಿಕೊಂಡು ಕೇಳಿದಳು.

"ಅದಕ್ಕೆ ಮುಂಚೆಯೂ ನಿಲ್ಲಿಸಿದೆ ಮೇಡಂ. ಕೀ ಕಿತ್ಕೊಳ್ಳೋಕೆ ಆಗ್ಲಿಲ್ಲ, ಅವನು ಮತ್ತೆ ಹೊರಡಿಸ್ತಿದ್ದ. ಪೊಲೀಸರು ಕಂಡ ಮೇಲೆ ಕಾಲು ತೆಗೀಲೇ ಇಲ್ಲ. ಗಾಡಿ ಹೋದ್ರೆ ಹೋಗ್ಲಿ, ತಮ್ಮನಾದ್ರೂ ಮನೆಗೆ ಬರ್ಲಿ ಅಂತ."

"ಕ್ಲಚ್ ಯಾವುದು ಅಂತಲೇ ಗೊತ್ತಾಗದವರು… ಕತ್ತಲಲ್ಲಿ ನನ್ನ ಬ್ರೇಕ್ ಹೇಗೆ ಸಿಕ್ತು?"

ಅವನು ಕನ್ನಡಕ ತೆಗೆದ. ಒರೆಸಿದ. ಮತ್ತೆ ಹಾಕಿಕೊಂಡ.

"ರಸ್ತೆ ನೋಡಿ, ರಸ್ತೆ ನೋಡಿ ಅಂತ ಬೈತಿದ್ರಲ್ಲ… ನಾನು ಯಾವತ್ತೂ ರಸ್ತೆ ನೋಡ್ಲೇ ಇಲ್ಲ ಮೇಡಂ. ಮುಖ ನೋಡೋಕೆ ಧೈರ್ಯ ಇರಲಿಲ್ಲ. ನಿಮ್ಮ ಕಾಲು ನೋಡ್ತಿದ್ದೆ. ಯಾವಾಗ ಬ್ರೇಕ್ ಮೇಲೆ ಹೋಗುತ್ತೆ, ಯಾವಾಗ ಬರುತ್ತೆ… ನಿಮ್ಮ ಹತ್ರ ನಾನು ಸರಿಯಾಗಿ ಕಲಿತದ್ದು ಅದೊಂದೇ."

ಅವಳಿಗೆ ಅಳುವುದೋ ನಗುವುದೋ ಗೊತ್ತಾಗಲಿಲ್ಲ. ಎರಡನ್ನೂ ಒಟ್ಟಿಗೇ ಮಾಡಿದಳು.

"ಬನ್ನಿ ಒಳಗೆ."

ಗೇಟಿನ ಬಳಿ ಕಾನ್‌ಸ್ಟೇಬಲ್ ಕೈ ಅಡ್ಡ ಹಿಡಿದರು. "ಗಾಡಿಯವರಿಗೆ ಮಾತ್ರ ಅಮ್ಮ. ಇವರು ನಿಮಗೆ ಏನಾಗಬೇಕು?"

"ನಮ್ಮವರು," ಅಂದಳು ಅವಳು, ಒಂದು ಕ್ಷಣವೂ ಯೋಚಿಸದೆ.

ರಬ್ಬರ್ ಚಪ್ಪಲಿ ಸಿಕ್ಕಿ ಅವನು ಎಡವಿದ.

*

ಬ್ಯಾಟರಿ ಇಳಿದೇಹೋಗಿತ್ತು. ತಮ್ಮ ಹಿಂದಕ್ಕೆ ಹೋಗಿ ಗಾಡಿಗೆ ಭುಜ ಕೊಟ್ಟು ನಿಂತ. ಅವನೂ ತಮ್ಮನ ಜೊತೆ ನಿಲ್ಲಲು ಹೊರಟಿದ್ದ.

"ನೀವು ಎಲ್ಲಿಗೆ? ಸ್ಟೀರಿಂಗ್ ಹಿಡೀರಿ."

"ನಾನಾ? ಮೇಡಂ, ಮೂರು ಸಲ ಫೇಲಾದವನು ನಾನು!"

"ಗೊತ್ತು. ಹತ್ತಿ."

ಅವಳು ತನ್ನ ಸೀಟಿನಲ್ಲಿ ಕೂತಳು. ಚಪ್ಪಲಿ ಕಳಚಿ, ಎರಡೂ ಕಾಲುಗಳನ್ನು ಸೀಟಿನ ಮೇಲೆ ಮಡಿಸಿಕೊಂಡಳು. ಆ ಕಾರಿನಲ್ಲಿ ಅವಳು ಹಾಗೆ ಕೂತದ್ದು ಅದೇ ಮೊದಲು.

"ಎರಡನೇ ಗೇರ್ ಹಾಕಿ. ಕ್ಲಚ್ ಒತ್ತಿ ಹಿಡೀರಿ. ನಾನು ಹೇಳಿದಾಗ ಬಿಡಿ."

"ಮೇಡಂ… ನಿಮ್ಮ ಕಾಲು ಬ್ರೇಕ್ ಮೇಲಿಲ್ಲ."

"ಮತ್ತೆ ನನ್ನ ಕಾಲು ನೋಡಿದ್ರಾ?"

"ನನಗೆ ಹೆದರಿಕೆ ಆಗುತ್ತೆ."

"ನನಗೆ ಆಗಲ್ಲ," ಅಂದಳು ಅವಳು ಮೆಲ್ಲಗೆ.

"ಅಕ್ಕಾ, ತಳ್ಳಲಾ ಬೇಡ್ವಾ?" ಹಿಂದಿನಿಂದ ತಮ್ಮ ಕೂಗಿದ.

"ತಳ್ಳೋ!"

ಗಾಡಿ ಕದಲಿತು. ಉರುಳಿತು. ಅವಳು "ಈಗ!" ಅಂದಳು. ಕಾರು ಒಮ್ಮೆ ಕೆಮ್ಮಿ, ಇಡೀ ಮೈ ಕೊಡವಿ ಎದ್ದಿತು. ಅಪ್ಪನ ಗಾಡಿಯ ಆ ಸದ್ದು ಕೇಳಿ ಅವಳ ಕಣ್ಣು ತುಂಬಿಬಂತು.

ಗೇಟಿನ ಬಳಿ ಅವನು ತಾನಾಗಿಯೇ ಗಾಡಿ ನಿಲ್ಲಿಸಿದ, ಒಂದಿಷ್ಟೂ ಜಗ್ಗದ ಹಾಗೆ. ತಮ್ಮ ಏದುಸಿರು ಬಿಡುತ್ತ ಓಡಿಬಂದು ಹಿಂದೆ ಹತ್ತಿದ.

"ಒಂದು ಮಾತು ಹೇಳ್ಲಾ ಮೇಡಂ?"

"ಹೇಳಿ."

"ಟೆಸ್ಟ್ ಪಾಸಾದ್ರೆ ಕ್ಲಾಸ್ ಮುಗಿದುಹೋಗುತ್ತಲ್ಲ… ಅದಕ್ಕೇ ಪಾಸಾಗೋಕೆ ಮನಸ್ಸೇ ಬರ್ತಿರಲಿಲ್ಲ."

ಅವಳು ಗೇರಿನ ಮೇಲಿದ್ದ ಅವನ ಕೈ ಮೇಲೆ ತನ್ನ ಕೈ ಇಟ್ಟಳು.

"ಪಾಸಾಗ್ರೀ. ನಾನು ಈ ಸೀಟು ಬಿಟ್ಟು ಎಲ್ಲಿಗೂ ಹೋಗಲ್ಲ."

"ನಿಜವಾಗ್ಲೂ?"

"ರಸ್ತೆ ನೋಡಿ!"

ಅವನು ನೋಡಿದ.