ಎಂಟನೇ ಹಾಡಿನ ಬಾಲ

"ಕಳಿಸಿಬಿಟ್ಯಾ?" ಬಾಗಿಲಲ್ಲೇ ನಿಂತು ಕೇಳಿದೆ. ಓಡಿ ಬಂದು ಏದುಸಿರು ಬಿಡುತ್ತಿದ್ದೆ.

ಕತ್ತರಿ ಎಂದೇ ನಾನು ಕರೆಯುವ ಗೆಳೆಯ ತಿರುಗಿ ನೋಡಿದ. ಅವನ ಚಿಕ್ಕಮ್ಮನ ಟೈಲರಿಂಗ್ ಅಂಗಡಿಯ ಹಿಂದಿನ ಕೋಣೆಯೇ ನಮ್ಮ ಸ್ಟುಡಿಯೋ. ಬೀಟ್ ಅವನದು, ರ‍್ಯಾಪ್ ನನ್ನದು. ಎರಡು ವರ್ಷದ ಹಿಂದೆ ಇಬ್ಬರೂ ಸೇರಿ ಹಿಪ್‌ಹಾಪ್ ಆಲ್ಬಂ ಮಾಡಿದ್ದೆವು. ಕೇಳಿದವರೆಲ್ಲ ಹೊಗಳಿದರು, ಆದರೆ ಕೇಳಿದವರೇ ಬೆರಳೆಣಿಕೆಯಷ್ಟು. ಈಗ ಯಾವುದೋ ಕಂಪನಿ ಅದನ್ನು ಮತ್ತೆ ಬಿಡುಗಡೆ ಮಾಡುತ್ತೇವೆಂದು ನನ್ನ ದನಿಯ ಮೂಲ ಫೈಲುಗಳನ್ನು ಕೇಳಿತ್ತು. ಏನನ್ನೂ ಕತ್ತರಿಸದ ಫೈಲುಗಳು.

"ಏಳು ಹೋಯ್ತು, ಎಂಟನೇದು ಹೋಗ್ಬೇಕು. ಯಾಕೆ ಮೇಡಂ, ದೆವ್ವ ಕಂಡೋರ ಹಾಗೆ ನಿಂತಿದೀರಾ?"

"ಅದು ಬೇಡ. ಅದರ ಬಾಲದಲ್ಲಿ... ಗೊತ್ತಲ್ಲ ನಿಂಗೆ."

"ಏನು ಗೊತ್ತು?"

ಮೈಯೆಲ್ಲ ಉರಿದುಹೋಯಿತು. ಅವತ್ತು ಅವನು ಚಹಾ ತರಲು ಹೋಗಿದ್ದಾಗ ಎಂಟನೇ ಹಾಡು ಮುಗಿಸಿದ್ದೆ. ರೆಕಾರ್ಡಿಂಗ್ ಇನ್ನೂ ಓಡುತ್ತಿತ್ತು. ಮೈಕಿಗೆ ಬಾಯಿಟ್ಟು, ಎದುರಿಗೆ ಹೇಳಲಾಗದ್ದನ್ನೆಲ್ಲ ಹೇಳಿಬಿಟ್ಟೆ. ಮಿಕ್ಸ್ ಮಾಡುವಾಗ ಕೇಳಿಯೇ ಕೇಳುತ್ತಾನೆ ಎಂಬ ನಂಬಿಕೆ. ಅವನು ತುಟಿ ಪಿಟಕ್ಕೆನ್ನಲಿಲ್ಲ. ನಾನೂ ಆಮೇಲೆ ಅವನಿಗೆ ಮುಖ ಕೊಟ್ಟು ಮಾತಾಡಲಿಲ್ಲ.

"ಸಾಲು ಮುಗಿದ ಕೂಡ್ಲೇ ಕತ್ತರಿಸ್ತೀನಿ ಕಣೇ. ಬಾಲ ಯಾವತ್ತೂ ಕೇಳಲ್ಲ. ಕತ್ತರಿ ಅಂತ ಹೆಸರಿಟ್ಟಿದ್ದು ನೀನೇ ಅಲ್ವಾ?"

ಕೇಳಿಯೇ ಇರಲಿಲ್ಲ! ಏನೂ ಅರಿಯದವನ ಮೇಲೆ ಎರಡು ವರ್ಷ ಮುನಿಸಿಕೊಂಡಿದ್ದೆ. ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ಬೇಡ ಅಂದ್ರೆ ಅಳಿಸಿಬಿಡ್ತೀನಿ." ಬೆರಳು ಕೀಬೋರ್ಡಿನ ಮೇಲಿತ್ತು, ಕಣ್ಣು ನನ್ನ ಮೇಲೆ. ಒಂದು ಹುಬ್ಬು ಮಾತ್ರ ತುಸು ಮೇಲೇರಿತ್ತು. ಅಳಿಸಿದರೆ ನನ್ನ ಮಾನ ಉಳಿಯುತ್ತಿತ್ತು, ಅವನು ಮಾತ್ರ ಕೈತಪ್ಪಿಹೋಗುತ್ತಿದ್ದ.

"ತಡಿ. ಮೊದಲು ಕೇಳು."

ಹೆಡ್‌ಫೋನ್ ಹಾಕಿಕೊಂಡ. ಹೊರಗೆ ಚಿಕ್ಕಮ್ಮನ ಹೊಲಿಗೆ ಮಷೀನು ಒಂದೇ ಸಮ ಓಡುತ್ತಿತ್ತು. ಅವನ ತಲೆ ಬಗ್ಗಿತು, ಕಿವಿ ಕೆಂಪಾಯಿತು. ಹಿಂದಕ್ಕೆ ಹೋಗಿ ಇನ್ನೊಂದು ಸಲ ಕೇಳಿದ. ಪಾಪಿ, ಮೂರನೇ ಸಲವೂ ಕೇಳಿದ.

"ಏನಾದ್ರೂ ಹೇಳೋ!"

ಹೆಡ್‌ಫೋನ್ ತೆಗೆದ. ಕಣ್ಣು ಒದ್ದೆಯಾಗಿತ್ತು. "ಈಗ್ಲೂ ಹಾಗೇನಾ?"

"ಇಲ್ಲಾಂದ್ರೆ ಬಸ್ಸಿಗೂ ಕಾಯದೆ ಓಡಿ ಬರ್ತಿದ್ನಾ?"

ಅವನು ಬಾಲವನ್ನು ಬೇರೆ ಮಾಡಿ ತನ್ನಲ್ಲೇ ಇಟ್ಟುಕೊಂಡ. ಹಾಡನ್ನಷ್ಟೇ ಕಂಪನಿಗೆ ಕಳಿಸಿ, ಮೈಕ್ ಆಫ್ ಮಾಡಿದ.

"ಹಾಡು ಅವರಿಗೆ. ಇದು ನಂದು, ಯಾರಿಗೂ ಕೊಡಲ್ಲ," ಎಂದು ನನ್ನ ಕೈ ಹಿಡಿದೆಳೆದ. "ಈಗ ನಾನು ಹೇಳ್ತೀನಿ. ನಿನ್ನ ಕಿವೀಲೇ ಹೇಳ್ತೀನಿ, ಬಾ."