ಸಾಕವ್ವನ ಕೈತುತ್ತು

ತುಂಬ ಹಿಂದೆ, ಹುಲಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಮುತ್ತಗವೆಂಬ ರಾಜ್ಯವಿತ್ತು. ಅಲ್ಲಿನ ಅರಮನೆಯ ಹಿತ್ತಲಲ್ಲಿ ಸಾಕವ್ವ ಎಂಬ ಮುದುಕಿ ಊರ ಮಕ್ಕಳನ್ನು ಸೇರಿಸಿಕೊಂಡು ಕೆಲಸ ಕಲಿಸುತ್ತಿದ್ದಳು. ಉಗುರು ಕತ್ತರಿಸಿಕೊಳ್ಳುವುದು, ಗಾಯ ತೊಳೆದು ಬಟ್ಟೆ ಸುತ್ತುವುದು, ಒಲೆ ಹೊತ್ತಿಸುವುದು, ಬೆಂಕಿ ಆರಿಸುವುದು, ಗಂಟು ಹಾಕುವುದು, ಬಿಚ್ಚುವುದು. "ಬಾಯಲ್ಲಿ ಹೇಳಿದ್ರೆ ಏನು ಬತ್ತದೆ? ಮಾಡು, ನೋಡುವಾ" ಎನ್ನುವುದು ಅವಳ ದಿನದ ಮಾತು.

ಮನೆಯಲ್ಲಿ ಮಾತ್ರ ಕತೆಯೇ ಬೇರೆ. ಅವಳ ಮೊಮ್ಮಗಳು ಹೂವಿಯ ಅಪ್ಪ ಅಮ್ಮ ಜ್ವರದಲ್ಲಿ ತೀರಿಕೊಂಡಿದ್ದರು. ಆ ಹುಡುಗಿಯ ಕೈ ಅನ್ನಕ್ಕೆ ತಾಗಲು ಸಾಕವ್ವ ಒಂದು ದಿನವೂ ಬಿಟ್ಟವಳಲ್ಲ. ತಾನೇ ಕಲಸಿ, ತಾನೇ ಉಂಡೆ ಮಾಡಿ, ಕೈತುತ್ತು ಕೊಡುತ್ತಿದ್ದಳು. ಒಂಬತ್ತು ತುಂಬಿದ ಹುಡುಗಿ ತಟ್ಟೆಯ ಮುಂದೆ ಕೂತು ಬಾಯಿ ತೆರೆದರಾಯಿತು! ಊರಿಗೆಲ್ಲ ಪಾಠ ಹೇಳುವವಳಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಹೆತ್ತವರಿಲ್ಲದ ಕೂಸು, ಇದಕ್ಕೂ ಪಾಠವೇ ಎಂದುಕೊಂಡಳು.

ಹೀಗಿರುವಾಗ ಜೊಳ್ಳಯ್ಯನೆಂಬ ಮಾಂತ್ರಿಕ ಮೂಟೆ ಹೊತ್ತು ಬಂದ. ಮೂಟೆಯ ತುಂಬ ಕೈಗಳು. ಗಾಳಿಯಲ್ಲಿ ತೇಲಾಡುವ ಪುಟ್ಟ ಪುಟ್ಟ ಚಾಕರಿಗೈಗಳು. ಮಗುವಿಗೊಂದು ಜೊತೆ, ಪುಕ್ಕಟೆ. ಅವು ಮುಖ ತೊಳೆಸುತ್ತಿದ್ದವು, ಜಡೆ ಹಾಕುತ್ತಿದ್ದವು, ಉಣಿಸುತ್ತಿದ್ದವು. ತಾಯಂದಿರು ಹಿರಿಹಿರಿ ಹಿಗ್ಗಿದರು. ಹಿತ್ತಲ ಪಾಠ ಬರಿದಾಯಿತು. ಸಾಕವ್ವನ ಬಾಗಿಲಿಗೂ ಒಂದು ಜೊತೆ ಬಂತು. ಅವಳು ಪೊರಕೆ ತೆಗೆದುಕೊಂಡು ಅಟ್ಟಿದಳು.

ಆರು ತಿಂಗಳಲ್ಲಿ ಮಕ್ಕಳ ಸ್ವಂತ ಕೈಗಳು ಬಡಕಲಾದವು. ಒಂದು ಬೆಳಿಗ್ಗೆ ರಾಜಕುಮಾರನ ಮಣಿಕಟ್ಟಿನಿಂದ ಮುಂದಕ್ಕೆ ಏನೂ ಇರಲಿಲ್ಲ. ರಕ್ತವಿಲ್ಲ, ಗಾಯವಿಲ್ಲ. ಆಮೇಲೆ ಒಬ್ಬೊಬ್ಬರದೇ ಹೋಯಿತು. ಕೆಲಸ ಮರೆತ ಕೈಗಳೆಲ್ಲ ಹೋಗಿ ಜೊಳ್ಳಯ್ಯನ ಮೂಟೆ ಸೇರಿದ್ದವು. ಚಾಕರಿಗೈಗಳು ಎಲ್ಲಿಂದ ಬಂದವೆಂದು ಆಗ ತಿಳಿಯಿತು: ಹಿಂದಿನ ರಾಜ್ಯಗಳ ಮಕ್ಕಳ ಕೈಗಳು ಅವು.

ರಾಜ ಬೆಟ್ಟದ ಗುಹೆಗೆ ಹೋಗಿ ಮಾಂತ್ರಿಕನ ಕಾಲು ಹಿಡಿದ. ಜೊಳ್ಳಯ್ಯ ನಕ್ಕು, "ಕೈಯಿರುವ ಮೂರು ಮಕ್ಕಳನ್ನು ಕಳಿಸು. ಮೂರು ಕೆಲಸ ಕೊಡುತ್ತೇನೆ. ಮಾಡಿದರೆ ಮೂಟೆ ನಿನ್ನದು, ತಪ್ಪಿದರೆ ಮಕ್ಕಳು ನನ್ನವರು" ಎಂದ.

ಇಡೀ ರಾಜ್ಯದ ಮಕ್ಕಳಲ್ಲಿ ಕೈ ಉಳಿದಿದ್ದದ್ದು ಮೂವರಿಗೇ. ಚಾಕರಿಗೈ ಬೇಡವೆಂದು ಮನೆಯ ಕಸುಬಿಗೆ ಕೈ ಹಚ್ಚಿದ್ದ ಕುಂಬಾರರ ಈರ, ನೇಕಾರರ ನಾಗಲೆ, ಮತ್ತೆ ಹೂವಿ.

"ಸಾಕವ್ವ, ನಿನ್ನ ಮೊಮ್ಮಗಳಿಗೆ ಎಲ್ಲ ಬರುತ್ತದೆ ತಾನೆ?" ಎಂದು ರಾಜ ತುಂಬಿದ ಸಭೆಯಲ್ಲಿ ಕೇಳಿದ.

ನೂರಾರು ಕಣ್ಣು ಅವಳ ಮೇಲಿದ್ದವು. "ಬತ್ತದೆ ಬುದ್ಧಿ" ಎಂದುಬಿಟ್ಟಳು.

ಮೂವರನ್ನೂ ಕರೆದುಕೊಂಡು ಅವಳೇ ಬೆಟ್ಟ ಹತ್ತಿದಳು. ಗುಹೆಯ ಬಾಯಲ್ಲಿ ಹುಲಿ ಅಡ್ಡ ಮಲಗಿತ್ತು. "ಪಂಜಕ್ಕೆ ಮುಳ್ಳು ನೆಟ್ಟಿದೆ. ತೆಗೆದರೆ ದಾರಿ, ಇಲ್ಲವಾದರೆ ನೀವೇ ಊಟ" ಎಂದಿತು. ಈರ ಮೊದಲು ತನ್ನ ಕೈ ತೊಳೆದುಕೊಂಡ. ಮುಳ್ಳು ಕಿತ್ತು, ಗಾಯ ತೊಳೆದು, ಬಟ್ಟೆ ಸುತ್ತಿದ. ಹುಲಿ ಸರಿಯಿತು.

ಒಳಗೆ ಬೆಂಕಿಯ ಬಾಗಿಲು. ನಾಗಲೆ ಓಡಲಿಲ್ಲ, ಕೂಗಲಿಲ್ಲ. ಗೋಣಿಚೀಲ ಒದ್ದೆ ಮಾಡಿ, ಬಗ್ಗಿ, ಉರಿಯ ಬುಡಕ್ಕೆ ಹೊದಿಸಿದಳು. ಬೆಂಕಿ ಆರಿತು.

ಅದರಾಚೆ ಜೊಳ್ಳಯ್ಯ ಉದ್ದ ತೋಳಿನ ಅಂಗಿ ತೊಟ್ಟು ಕೂತಿದ್ದ. ಮುಂದೆ ಒಂದು ತಟ್ಟೆ, ಬಿಸಿ ಅನ್ನ, ಸಾರು. "ಕಲಸಿಕೊಂಡು ಒಂದು ತುತ್ತು ಉಣ್ಣು ಮಗು. ಅಷ್ಟೇ."

"ಇಷ್ಟೇನಾ!" ಎಂದು ಈರ ನಕ್ಕ.

ಹೂವಿ ತಟ್ಟೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಅನ್ನ ನೋಡಿದಳು. ಆಮೇಲೆ ಅಜ್ಜಿಯ ಕಡೆ ತಿರುಗಿ ಬಾಯಿ ತೆರೆದಳು.

ಸಾಕವ್ವನ ಬಲಗೈ ತಾನಾಗಿ ತಟ್ಟೆಯತ್ತ ಚಾಚಿತು.

ಮಾಂತ್ರಿಕ ಬಿದ್ದು ಬಿದ್ದು ನಕ್ಕ. "ಊರ ಮಕ್ಕಳ ಕೈಗೆ ಕೆಲಸ ಕೊಟ್ಟೆ, ನಿನ್ನ ಕೂಸಿನ ಕೈ ಕಿತ್ತುಕೊಂಡೆ. ನಾನು ಮಾಡಿದ್ದೂ ಅದೇ ಅಲ್ಲವೇ ಮುದುಕಿ? ನಾವಿಬ್ಬರೂ ಒಂದೇ ಕಸುಬಿನವರು."

"ತಪ್ಪು ಅವಳ ಕೈದಲ್ಲ. ಇವುಗಳ್ದು," ಎಂದು ಸಾಕವ್ವ ಎರಡೂ ಕೈ ಮುಂದಕ್ಕೆ ಹಿಡಿದಳು. "ಇವನ್ನ ತಗೋ. ಮಕ್ಕಳ್ನ ಬುಡು."

"ಕದ್ದದ್ದು ಹಿಂದಕ್ಕೆ ಹೋದರೂ ಹೋದೀತು. ಕೊಟ್ಟದ್ದು ಹೋಗುವುದಿಲ್ಲ. ಗೊತ್ತಿದೆಯೇ?"

"ಗೊತ್ತು."

ಅವಳ ಕೈಗಳು ಕಳಚಿ ಮೂಟೆಯೊಳಗೆ ಬಿದ್ದವು. ಚಾಕರಿಗೈಗಳು ಮೂಟೆಯ ಬಾಯಿಗೆ ಬಿಗಿಯಾಗಿ ಗಂಟು ಹಾಕಿದವು. ಜೊಳ್ಳಯ್ಯ ಎಡವಿದ್ದು ಇಲ್ಲೇ. ಅದುವರೆಗೆ ಆ ಮೂಟೆಯಲ್ಲಿ ಸೆರೆಯಾಗಿದ್ದದ್ದು ಕೆಲಸ ಮರೆತ ಕೈಗಳು. ಇವಾದರೋ ಅರವತ್ತು ವರ್ಷ ಗಂಟು ಬಿಚ್ಚಿದ ಕೈಗಳು. ಬಟ್ಟೆಯ ಸಂದಿನಿಂದ ಒಂದು ಹೆಬ್ಬೆರಳು ಹೊರಬಂತು. ಹಗ್ಗ ತಡವಿತು. ಗಂಟು ಸಡಿಲಾಯಿತು.

ಕೈಗಳೆಲ್ಲ ಗುಬ್ಬಚ್ಚಿಗಳ ಹಾಗೆ ಹಾರಿಹೋಗಿ ತಮ್ಮ ತಮ್ಮ ಮಕ್ಕಳನ್ನು ಸೇರಿದವು. ಮಕ್ಕಳು ಎಂದೋ ಸತ್ತುಹೋಗಿದ್ದ ಹಳೆಯ ರಾಜ್ಯಗಳ ಕೈಗಳು ಅಲ್ಲೇ ಮಣ್ಣಾದವು. ಮಂತ್ರ ಹಾಕಲು ಜೊಳ್ಳಯ್ಯ ತೋಳೆತ್ತಿದ. ಅಂಗಿಯ ತೋಳು ಖಾಲಿ. ಅವನಿಗೆ ಸ್ವಂತ ಕೈಗಳೇ ಇರಲಿಲ್ಲ. ನಿಂತಲ್ಲೇ ಹೊಟ್ಟಾಗಿ ಗಾಳಿಗೆ ತೂರಿಹೋದ. ಸಾಕವ್ವನ ಕೈಗಳು ಹಗ್ಗ ಹಿಡಿದುಕೊಂಡೇ ಕಲ್ಲಾದವು.

ಮುತ್ತಗದಲ್ಲಿ ಎಲ್ಲರೂ ಸುಖವಾಗಿದ್ದರು. ರಾಜ ಸಾಕವ್ವನಿಗೆ ಶಾಲು ಕೊಟ್ಟ. ಅದನ್ನು ಹೊದೆಸಲೂ ಇನ್ನೊಬ್ಬರು ಬೇಕಾಯಿತು. ತಿಂಗಳು ಕಳೆಯುವ ಮೊದಲೇ ಕೆಲವು ತಾಯಂದಿರು, ಆ ಚಾಕರಿಗೈ ಒಂದು ಜೊತೆಯಾದರೂ ಉಳಿದಿದ್ದರೆ ಚೆನ್ನಾಗಿತ್ತು ಎಂದು ಮಾತಾಡಿಕೊಂಡರು. ಜನ ಎಂದರೆ ಹಾಗೇ.

ಬೆಟ್ಟದಿಂದ ಇಳಿದು ಬಂದ ದಿನ ಮಧ್ಯಾಹ್ನ, ಪಕ್ಕದ ಮನೆಯವರು ಅನ್ನ ಸಾರು ತಂದಿಟ್ಟು ಹೋದರು. ಅಜ್ಜಿ ಮೊಮ್ಮಗಳು ಇಬ್ಬರೂ ತಟ್ಟೆ ನೋಡುತ್ತ ಕೂತರು.

"ಕಲಸು" ಎಂದಳು ಸಾಕವ್ವ.

"ಹೆಂಗಜ್ಜೀ?"

ಬಾಯಲ್ಲಿ ಹೇಳಿ ಕಲಿಸುವುದು ಅವಳಿಗೆ ಅಭ್ಯಾಸವೇ ಇರಲಿಲ್ಲ. "ಬೆರಳು ಮಡಚು. ಅಂಗಲ್ಲ. ಒತ್ತು. ಅಯ್ಯೋ, ಅಷ್ಟು ಜೋರಾಗಲ್ಲ ಕಣೆ." ಮೊದಲ ತುತ್ತು ಮಡಿಲಿಗೆ ಬಿತ್ತು. ಎರಡನೆಯದು ನೆಲಕ್ಕೆ. ಹೂವಿ ಅತ್ತಳು. ತೋರಿಸಿಕೊಡಲು ಸಾಕವ್ವನ ತೋಳು ಮುಂದೆ ಬಂದು ಹಾಗೇ ನಿಂತಿತು.

ಮೂರನೆಯ ಸಲ ಉಂಡೆಯಾಯಿತು. ಹೂವಿ ಅದನ್ನು ಅಜ್ಜಿಯ ಬಾಯಿಯ ಹತ್ತಿರ ತಂದಳು.

ಸಾಕವ್ವ ಮುಖ ತಿರುಗಿಸಿದಳು. "ಮೊದ್ಲು ನೀನುಣ್ಣು" ಎಂದಳು ಒರಟಾಗಿ.

ಹುಡುಗಿ ಉಂಡಳು. ಗಂಟಲಿನಲ್ಲಿ ಇಳಿಯುವವರೆಗೂ ಸಾಕವ್ವ ನೋಡಿದಳು. ಆಮೇಲೆ ತಾನು ಬಾಯಿ ತೆರೆದಳು.